ದೀಪಸ್ತಂಭದ ಕೆಳಗೆ ಕುಡಿದ ಎಳನೀರು

ಹೊಸದುರ್ಗದ ಸಂತೆಯಲ್ಲಿ ಒಣಮೀನಿನವರು ಕೂರುವ ಸಾಲು ದಾಟುವಾಗ ಜನ ಮೂಗಿಗೆ ಸೆರಗು ಹಿಡಿಯುತ್ತಾರೆ. ನನ್ನ ಕೈ ಕೈಚೀಲಕ್ಕೆ ಹೋಗುತ್ತದೆ. ಚೀಲವನ್ನು ಎದೆಗೆ ಅವಚಿಕೊಂಡು, ಯಾರಾದರೂ ನನ್ನನ್ನು ನೋಡಿ ಸುಮ್ಮಸುಮ್ಮನೆ ನಗುತ್ತಿದ್ದಾರೆಯೇ ಎಂದು ಸುತ್ತ ನೋಡುತ್ತೇನೆ. ಕಳ್ಳರ ಭಯ ಏನಿಲ್ಲ. ಆ ವಾಸನೆ ಬಡಿದರೆ ಸಾಕು, ಒಂದು ಬೇಸಿಗೆಯ ಮೂರು ದಿನಗಳು ಹಾಗೇ ಎದ್ದು ಬರುತ್ತವೆ. ಪುಕ್ಕಟೆ ಗಾಡಿ, ಪುಕ್ಕಟೆ ರೂಮು, ಪುಕ್ಕಟೆ ನಗೆ, ಸಮುದ್ರದ ದಂಡೆಯ ಮೇಲೊಂದು ಹಳೇ ದೀಪಸ್ತಂಭ. ಆ ಮೂರು ದಿನ ನಾನು ಯಾರನ್ನೂ ನಂಬಲಿಲ್ಲ.

ನಮ್ಮದು ಮತ್ತೋಡು ಕಡೆಯ ಒಂದು ಹಳ್ಳಿ. ಕುರಿಯವರ ಮನೆ. ಅಪ್ಪನ ಕಡೆ, ಅವ್ವನ ಕಡೆ ಎರಡೂ ಸೇರಿಸಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಚಿತ್ರದುರ್ಗದ ಹಾಸ್ಟೆಲಿನಲ್ಲಿ ನೀರು ಬಾರದ ದಿನ ಬಕೆಟ್ ಹಿಡಿದು ಬೀದಿ ಸುತ್ತಿ, ರಜೆಗೆ ಊರಿಗೆ ಬಂದರೆ ಮರಿ ಕಾಯುತ್ತ ಬಂಡೆಯ ಮೇಲೆ ಪುಸ್ತಕ ಹರವಿಕೊಂಡು ಓದಿ ಪಡೆದ ಡಿಗ್ರಿ ಅದು. ಕೆಲಸಕ್ಕಿಂತ ಮೊದಲು ಅದು ನನಗೆ ಕೊಟ್ಟದ್ದು ಅನುಮಾನವನ್ನು. ಕಚೇರಿಯ ಕಿಟಕಿಯ ಆಚೆ ಕೂತವರು "ನಾಳೆ ಬಾಮ್ಮ" ಎಂದರೆ ಆ ನಾಳೆ ಬರುವುದಿಲ್ಲ. "ಇಲ್ಲೊಂದು ಸಹಿ ಹಾಕು, ಏನಿಲ್ಲ" ಎಂದರೆ ಅಲ್ಲೇ ಏನೋ ಇದೆ. ಇಂಥವನ್ನು ಯಾವ ಪಠ್ಯದಲ್ಲೂ ಹೇಳಿಕೊಡುವುದಿಲ್ಲ. ನಮ್ಮಂಥ ಮನೆಯಿಂದ ಹೋದವರು ತಾವೇ ಕಲಿಯಬೇಕು.

ಆಗ ನಾನು ಚಿಕ್ಕಜಾಜೂರಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಬೇಸಿಗೆ ರಜೆಗೆ ಊರಿಗೆ ಬಂದರೆ ನಮ್ಮ ಮನೆಯ ಜಗಲಿಯಲ್ಲಿ ಪ್ರಕಾಶ ಕೂತಿದ್ದ.

ಪ್ರಕಾಶ ಹಿರಿಯೂರಿನವನು. ಗಾಳಿಯಿಂದ ಕರೆಂಟು ತೆಗೆಯುವ ಒಂದು ಕಂಪನಿಗೆ ಗುಡ್ಡದ ಮೇಲಿನ ಜಮೀನು ಹೊಂದಿಸಿ ಕೊಡುವುದು ಅವನ ಕೆಲಸ. ಆ ದೊಡ್ಡ ದೊಡ್ಡ ಯಂತ್ರಗಳಿಗೆ ನಮ್ಮ ಕಡೆ ಫ್ಯಾನು ಎಂದೇ ಹೆಸರು. ಅವನಿಗೆ ಬೇಕಾಗಿದ್ದದ್ದು ಅಪ್ಪನ ಹೆಸರಿನಲ್ಲಿದ್ದ ಮರಡಿ ಹೊಲ. ಹೊಲ ಎನ್ನುವುದು ಹೆಸರಿಗೆ. ಇರುವುದೆಲ್ಲ ಕಲ್ಲು, ಕುರುಚಲು, ಮಳೆ ಬಿದ್ದರೆ ಒಂದಿಷ್ಟು ಹುಲ್ಲು. ಆದರೆ ಊರಿನ ಕುರಿಗಳೆಲ್ಲ ಬೆಳಿಗ್ಗೆ ಆ ಮರಡಿಯನ್ನು ಹತ್ತಿ, ನಡುವಿನ ತಗ್ಗಿನಲ್ಲಿ ಇಳಿದು, ಆಚೆಯ ಕಟ್ಟೆಗೆ ನೀರಿಗೆ ಹೋಗುತ್ತವೆ. ಬೇರೆ ಹಾದಿಯಿಲ್ಲ. ಒಂದು ಕಡೆ ತೆಂಗಿನ ತೋಟದವರ ತಂತಿಬೇಲಿ, ಇನ್ನೊಂದು ಕಡೆ ಲಾರಿ ಓಡಾಡುವ ರಸ್ತೆ. ಹೊಲ ಅಪ್ಪನದು, ಹಾದಿ ಎಲ್ಲರದು. ಅದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ.

ಕರಾರು ಪತ್ರವನ್ನು ನಾನು ಅಕ್ಷರ ಬಿಡದೆ ಓದಿದೆ. ಕಂಬ ನಿಲ್ಲುವಷ್ಟು ಜಾಗ, ಅಲ್ಲಿಗೆ ಗಾಡಿ ಹೋಗುವಷ್ಟು ದಾರಿ, ಉಳಿದದ್ದು ನಿಮ್ಮದೇ. ತಪ್ಪು ಹುಡುಕಿದೆ, ಸಿಗಲಿಲ್ಲ. ತಪ್ಪೇ ಇಲ್ಲದ ಕಾಗದ ಕಂಡರೆ ನನಗೆ ಇನ್ನೂ ಅನುಮಾನ.

"ಏನ್ ಮೇಡಮ್ಮು, ಪಾಸೋ ಫೇಲೋ?" ಎಂದು ಪ್ರಕಾಶ ಕೇಳಿದ.

"ನೋಡಾಣ," ಎಂದೆ.

"ನೀವು ನೋಡ್ರಿ. ಅವಸರ ಏನೈತೆ. ಸಹಿ ಆಮ್ಯಾಕೆ. ಮೊದ್ಲು ಎಲ್ರೂ ಒಂದು ಟೂರು ಹೋಗಿಬರಾಣ. ಸಮುದ್ರ ನೋಡೀರೇನು ಯಜಮಾನ್ರೆ?"

ಅಪ್ಪ ನೋಡಿರಲಿಲ್ಲ. ನಮ್ಮೂರಲ್ಲಿ ನೋಡಿದವರೇ ಕಡಿಮೆ. ಮರಡಿಯ ಸುತ್ತ ಜಮೀನಿದ್ದ ಮನೆಗಳವರೆಲ್ಲ ಟಿಟಿ ಗಾಡಿಯಲ್ಲಿ ಮೂರು ದಿನ ಕರಾವಳಿಗೆ ಹೋಗುವುದು, ಖರ್ಚೆಲ್ಲ ಅವನದು ಎಂದು ಆಯಿತು. ಊರಿಗೆ ಊರೇ ಖುಷಿಯಾಯಿತು. ಪಕ್ಕದ ಹೊಲದ ತಿಮ್ಮಜ್ಜ ಅವತ್ತೇ ಹೋಗಿ ಹೊಸ ಟವೆಲ್ಲು ತಂದ.

ಅವ್ವ ಮಾತ್ರ ನನ್ನನ್ನು ಹಿತ್ತಲಿಗೆ ಕರೆದಳು.

"ಮೂರು ದಿನ ಅವನ ಅನ್ನ ಉಂಡು ಬಂದ್ರೆ ನಿಮ್ಮಪ್ಪ ಬ್ಯಾಡ ಅಂತಾನೇನೇ ರೇಣುಕ?"

ನನಗೆ ಅದುವರೆಗೂ ಹೊಳೆದಿರಲಿಲ್ಲ. ಅಪ್ಪ ಹಳೇ ಕಾಲದವನು. ಒಬ್ಬನ ಕೈಯ ಅನ್ನ ಉಂಡರೆ, ಆ ಅನ್ನವನ್ನು ತಿರುಗಿ ಅವನಿಗೆ ಉಣಿಸುವವರೆಗೆ ಅವನ ಮುಖಕ್ಕೆ ಇಲ್ಲ ಎನ್ನುವಂತಿಲ್ಲ. ನಮ್ಮ ಕುರಿಯವರಲ್ಲಿ ಹಿಂದೆ ಎಲ್ಲರೂ ಹೀಗೇ ಇದ್ದರಂತೆ, ಈಗ ಅಪ್ಪನಂಥವರು ಕೆಲವರು ಉಳಿದಿದ್ದಾರೆ. ಒಮ್ಮೆ ಹೊಳಲ್ಕೆರೆಯ ನೆಂಟರ ಮನೆಯಲ್ಲಿ ಹಬ್ಬದ ಊಟ ಮಾಡಿ ಕೈ ತೊಳೆಯುತ್ತಿರುವಾಗ ಆ ನೆಂಟ ನಮ್ಮ ಬೀಜದ ಟಗರು ಕೇಳಿದ. ಅಪ್ಪ ಕೊಟ್ಟುಬಿಟ್ಟ. ಮನೆಗೆ ಬಂದು ವರ್ಷಗಟ್ಟಲೆ ಕೊರಗಿದ. "ಉಂಡ ಬಾಯಾಗೆ ಇಲ್ಲ ಅನ್ನಾಕೆ ಬರಲಿಲ್ಲ ಕಣೇ" ಎನ್ನುತ್ತಿದ್ದ.

"ಪ್ರಕಾಶನಿಗೆ ಇದು ಗೊತ್ತಾ?" ಎಂದೆ.

"ಹಿರಿಯೂರಿನೋನು. ಗೊತ್ತಿಲ್ಲ ಅಂತ ಹೆಂಗೆ ಹೇಳ್ಲಿ," ಎಂದಳು ಅವ್ವ.

ಆ ರಾತ್ರಿ ಇಬ್ಬರೂ ಕೂತು ರೊಟ್ಟಿ ತಟ್ಟಿದೆವು. ಚಟ್ನಿಪುಡಿ, ಹುರಿಹಿಟ್ಟು, ಬೆಲ್ಲ, ಮಂಡಕ್ಕಿ, ಎರಡು ಕ್ಯಾನು ನೀರು. ಕುರಿ ನೋಡಿಕೊಳ್ಳಲು ಅವ್ವ ಊರಲ್ಲೇ ಉಳಿದಳು. ಅಪ್ಪನ ಬಾಯಿ ಕಾಯುವ ಕೆಲಸ ನನ್ನ ಪಾಲಿಗೆ ಬಂತು.

ಗಾಡಿ ತರೀಕೆರೆ ದಾಟಿ ಶಿವಮೊಗ್ಗ ಸೇರುವ ಹೊತ್ತಿಗೆ ಬಿಸಿಲು ಏರಿತ್ತು. ಪ್ರಕಾಶ ಒಂದು ಒಳ್ಳೇ ಹೋಟೆಲಿನ ಮುಂದೆ ನಿಲ್ಲಿಸಿದ. ಮುದುಕರ ಕೈ ಹಿಡಿದು ಇಳಿಸಿದ, ಹೆಂಗಸರಿಗೆ ಬಚ್ಚಲು ತೋರಿಸಿದ. ಇಷ್ಟು ಒಳ್ಳೆಯತನಕ್ಕೆ ಕಂಪನಿ ಸಂಬಳ ಕೊಡುತ್ತದೆಯೇ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಎಲ್ಲರೂ ದೋಸೆಗೆ ಕೂತಾಗ ನಾನು ಅಪ್ಪನನ್ನು ಗಾಡಿಯ ನೆರಳಿಗೆ ಕರೆದುಕೊಂಡು ಹೋಗಿ ರೊಟ್ಟಿ ಬಿಚ್ಚಿದೆ.

"ಅಪ್ಪಂಗೆ ಹೋಟ್ಲು ಎಣ್ಣೆ ಆಗಲ್ಲ," ಎಂದು ಪ್ರಕಾಶನಿಗೆ ಹೇಳಿದೆ.

ತಿಮ್ಮಜ್ಜ ಒಳಗಿಂದ ದೋಸೆ ಕೈಯಲ್ಲೇ ಹಿಡಿದುಕೊಂಡು ಬಂದ. "ಲೇ ಹಾಲಪ್ಪ, ನಿನ್ ಮಗಳು ಡಿಗ್ರಿ ಓದಿದ್ದು ಅಪ್ಪನ್ನ ಉಪಾಸ ಕೆಡವಾಕೇನೋ? ಬೆಣ್ಣೆ ಹಾಕವ್ನೆ, ಬಾರೋ."

"ನೀ ತಿನ್ನು ಮಾವ. ನಿನಗೆ ಕಳಕಳ್ಳಾಕೆ ಏನೈತೆ," ಎಂದ ಅಪ್ಪ ರೊಟ್ಟಿ ಮುರಿಯುತ್ತ.

ತಿಮ್ಮಜ್ಜ ನಕ್ಕ. ಅಪ್ಪ ನಗಲಿಲ್ಲ. ಅಪ್ಪನಿಗೂ ಎಲ್ಲ ಗೊತ್ತಿದೆ ಎಂದು ಆಗ ನನಗೆ ತಿಳಿಯಿತು. ಆದರೂ ಅವನಿಗೆ ಆ ಹುಡುಗನ ಮೇಲೆ ಮನಸ್ಸು ವಾಲಿತ್ತು. ನೆಲದ ಮೇಲೆ ಕೂರುತ್ತಾನೆ, ಕುರಿಯ ಕಾಲುಬೇನೆ ವಿಚಾರಿಸುತ್ತಾನೆ, ಮರಡಿಗೆ ದಾರಿ ಆಗುತ್ತದೆ ಎನ್ನುತ್ತಾನೆ. ಉಣ್ಣದೆ ನೋಡಿ, ಯೋಚನೆ ಮಾಡಿ, ಆಮೇಲೆ ಹೂಂ ಎನ್ನಬೇಕೆಂದು ಅಪ್ಪನ ಆಸೆ. ಬೇಡ ಎನ್ನಲು ಕಾರಣ ನನ್ನ ಹತ್ತಿರವೂ ಇರಲಿಲ್ಲ. ಬರೀ ಅನುಮಾನ ಇತ್ತು.

ಆಗುಂಬೆ ಇಳಿದು ಬಯಲಿಗೆ ಬಂದಾಗ ಮೈಯೆಲ್ಲ ಅಂಟಂಟಾಯಿತು. ಗಾಡಿಯ ಕಿಟಕಿಯಿಂದ ಒಣಮೀನಿನ ವಾಸನೆ ನುಗ್ಗಿತು. ಅಪ್ಪ ಹೆಗಲ ಮೇಲಿನ ಕಂಬಳಿ ತೆಗೆಯಲಿಲ್ಲ. ದಂಡೆ ಸೇರಿದ ಕೂಡಲೇ ಎಲ್ಲರೂ ನೀರಿಗಿಳಿದು ಕುಣಿದರು. ಅಪ್ಪ ಮರಳಿನ ಮೇಲೆ ನಿಂತು ಬಹಳ ಹೊತ್ತು ಸಮುದ್ರ ನೋಡಿದ.

"ಇಷ್ಟು ನೀರು. ಒಂದು ಕುರಿ ಬಾಯಿ ಇಡಾಕಾಗಲ್ಲ," ಎಂದ. ಅವನಿಗೆ ಸಮುದ್ರದ ಮೇಲೂ ನಂಬಿಕೆ ಬರಲಿಲ್ಲ.

ಎರಡನೆಯ ದಿನ ದೇವಸ್ಥಾನ, ದೋಣಿ. ಹೋದಲ್ಲೆಲ್ಲ ಪ್ರಕಾಶ ಏನಾದರೂ ಹಿಡಿದುಕೊಂಡು ಬರುತ್ತಿದ್ದ. ಐಸ್‌ಕ್ರೀಮು ತಂದರೆ ಅಪ್ಪನಿಗೆ ಹಲ್ಲುನೋವು. ಮೀನೂಟ ಎಂದರೆ ಸೋಮವಾರ. ಟೀ ಎಂದರೆ ಪಿತ್ತ. ದೇವಸ್ಥಾನದ ಊಟ ದೇವರದು, ಅದಕ್ಕೆ ನಾನು ಅಡ್ಡಿ ಮಾಡಲಿಲ್ಲ. ಅಪ್ಪ ಅಲ್ಲಿ ಎರಡು ಸಲ ಸಾರು ಹಾಕಿಸಿಕೊಂಡು ಗಡದ್ದಾಗಿ ಉಂಡ. ಪ್ರಕಾಶ ದೂರದಿಂದ ನೋಡಿ, "ಮೇಡಮ್ಮು, ನಿಮ್ಮಪ್ಪಾರ ಕಾಯಿಲೆ ದೇವಸ್ಥಾನದಾಗೆ ವಾಸಿ ಆದಂಗೈತೆ," ಎಂದ. ನಗುತ್ತಲೇ ಹೇಳಿದ, ಆದರೆ ನಗುವವರ ಕಣ್ಣನ್ನು ನಾನು ಬೇರೆಯಾಗಿ ನೋಡುತ್ತೇನೆ. ಅವನ ಕಣ್ಣು ಅಳೆಯುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನದ ಮೇಲೆ ದೀಪಸ್ತಂಭಕ್ಕೆ ಕರೆದುಕೊಂಡು ಹೋದ. ಬ್ರಿಟಿಷರ ಕಾಲದ್ದು. ದಂಡೆಯ ಪಕ್ಕ ಕೆಂಪು ಕಲ್ಲಿನ ಗುಡ್ಡದ ನೆತ್ತಿಯಲ್ಲಿ, ಕಪ್ಪು ಬಿಳಿ ಪಟ್ಟೆ ಬಳಿದುಕೊಂಡು ನಿಂತಿತ್ತು. ಸುತ್ತ ಆಳೆತ್ತರದ ಕಾಂಪೌಂಡು. ಬಾಗಿಲಲ್ಲಿ ಟಿಕೆಟ್ಟು. ಕೆಳಗೆ ನಿಂತು ತಲೆಯೆತ್ತಿ ನೋಡಿದ ಕೂಡಲೇ ಪ್ರವಾಸದ ಗುಟ್ಟು ನನಗೆ ಹೊಳೆಯಿತು. ಗುಡ್ಡ, ನೆತ್ತಿಯ ಮೇಲೊಂದು ಎತ್ತರದ ಕಂಬ, ಗಾಳಿ. ಇದನ್ನು ತೋರಿಸಲಿಕ್ಕೇ ಇವನು ನಮ್ಮನ್ನು ಇಲ್ಲಿಯವರೆಗೆ ತಂದದ್ದು.

ಬಾಗಿಲ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಲು ಹೊರಟ. "ಎಲ್ರೂ ನಗ್ರಿ." ನಾನು ಅಪ್ಪನ ರಟ್ಟೆ ಹಿಡಿದು ಸಾಲಿನಿಂದ ಈಚೆಗೆ ಎಳೆದೆ. ನಾಳೆ ಈ ಫೋಟೋ ಯಾರ ಮೇಜಿನ ಮೇಲೆ ಹೋಗುತ್ತದೋ, ನೋಡಿ ರೈತರೆಲ್ಲ ಒಪ್ಪಿ ನಗುತ್ತಿದ್ದಾರೆ ಎಂದು ಯಾರಿಗೆ ತೋರಿಸುತ್ತಾರೋ.

"ಅದ್ಯಾಕಮ್ಮ ಅಪ್ಪನ್ನ ಕರು ಎಳ್ದಂಗೆ ಎಳೀತೀಯ," ಎಂದ ತಿಮ್ಮಜ್ಜ, ಹೊಸ ಟವೆಲ್ಲನ್ನು ಫೋಟೋಗೆಂದು ತಲೆಗೆ ಸುತ್ತಿಕೊಳ್ಳುತ್ತ.

"ಅಪ್ಪಂಗೆ ಬಿಸಿಲು."

"ನಿಮ್ಮಪ್ಪಂಗೆ ಬಿಸಿಲಾ? ಕುರಿ ಕಾಯೋನಿಗೆ?"

ಒಳಗೆ ಒಬ್ಬ ನೌಕರ ಚಪ್ಪಲಿ, ಚೀಲ ಬಿಡಿಸುತ್ತಿದ್ದ. "ಕಂಬಳಿ ಇಲ್ಲೇ ಇಟ್ಟು ಹೋಗಿ ಮಾರಾಯ್ರೆ, ಮೇಲೆ ಗಾಳಿ ಉಂಟು, ಹಾರಿ ಹೋಗ್ತದೆ," ಎಂದ ಅಪ್ಪನಿಗೆ.

"ಗಾಳಿಗೇ ಇದನ್ನ ಹೊದ್ಕಳಾದು," ಎಂದು ಅಪ್ಪ ಮೆಟ್ಟಿಲು ಹತ್ತಿದ. ಆ ಮನುಷ್ಯ ಮತ್ತೆ ತಡೆಯಲಿಲ್ಲ. "ನಿಧಾನ ಹತ್ತಿ ಆಯ್ತಾ, ತಲೆ ತಿರುಗ್ತದೆ," ಎಂದು ನಮ್ಮ ಹಿಂದೆ ತಾನೂ ಬಂದ.

ಮೆಟ್ಟಿಲು ಸುತ್ತಿಕೊಂಡು ಸುತ್ತಿಕೊಂಡು ಮೇಲೇರುತ್ತವೆ. ಗೋಡೆಗಳು ತಣ್ಣಗಿದ್ದವು, ಕೈ ಇಟ್ಟಲ್ಲೆಲ್ಲ ಉಪ್ಪಿನ ಪಸೆ. ಕೊನೆಗೊಂದು ಕಬ್ಬಿಣದ ಏಣಿ. ದಪ್ಪ ಗಾಜಿನ ದೀಪದ ಮಗ್ಗುಲಲ್ಲಿ ನುಸುಳಿ ಹೊರಗಿನ ಕಟ್ಟೆಗೆ ಬಂದರೆ ಗಾಳಿ ಎದೆಗೆ ಕೈಯಿಟ್ಟು ತಳ್ಳುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ತೆಂಗು, ಹೆಂಚಿನ ಮನೆಗಳು. ಎಲ್ಲರೂ ಸಮುದ್ರದ ಕಡೆ ತಿರುಗಿ ಮೊಬೈಲು ಹಿಡಿದರು.

ಪ್ರಕಾಶ ಅಪ್ಪನ ಪಕ್ಕ ಬಂದು ಕಂಬಿಗೆ ಒರಗಿ ನಿಂತ. "ನೋಡ್ರಿ ಯಜಮಾನ್ರೆ. ನೂರು ವರ್ಷದ ಮ್ಯಾಲಾಗೈತಂತೆ ಇದನ್ನ ಕಟ್ಟಿ. ಕೆಳಗಡೆ ಜನ ಆರಾಮಾಗವ್ರೆ, ತೋಟ ಐತೆ, ದನ ಅವೆ. ಕಂಬ ಯಾರಿಗೇನ್ ಮಾಡ್ತೈತೆ ಹೇಳ್ರಿ."

"ನಾನು ಕಂಬಕ್ಕೆ ಹೆದರಿಲ್ಲ ಕಣಪ್ಪ," ಎಂದ ಅಪ್ಪ. "ಇದು ಯಾರ ಜಾಗ?"

"ಸರ್ಕಾರದ್ದು."

"ಅದ್ರ ಮೊದ್ಲು?"

ಪ್ರಕಾಶ ನಕ್ಕ. "ಅದ್ರ ಮೊದ್ಲು ಬರೀ ಕಲ್ಲು. ಕಲ್ಲು ಯಾರದಾಗಿರ್ತೈತೆ."

ನಾನು ಕೆಳಗೆ ನೋಡುತ್ತಿದ್ದೆ. ಸಮುದ್ರಕ್ಕೆ ಬೆನ್ನು ಹಾಕಿ, ಗುಡ್ಡದ ಇಳಿಜಾರಿನ ಕಡೆ. ಮರಿ ಕಾಯ್ದವರ ಕಣ್ಣು ಎತ್ತರಕ್ಕೆ ಹೋದರೆ ಮೊದಲು ಹುಡುಕುವುದು ಹಾದಿಯನ್ನು. ಊರಿನ ಮನೆಗಳ ಹಿಂದಿನಿಂದ ಒಂದು ಹಾದಿ ಹೊರಟಿತ್ತು. ದನದ ಗೊರಸು ತುಳಿದು ತುಳಿದು ಮಾಡಿದ ಹಾದಿ, ಕೆಂಪು ಕಲ್ಲಿನಲ್ಲಿ ಗೆರೆ ಕೊರೆದ ಹಾಗೆ. ನೆಟ್ಟಗೆ ಗುಡ್ಡ ಹತ್ತಿ ಬರುತ್ತಿತ್ತು. ಕಾಂಪೌಂಡು ಗೋಡೆಗೆ ಬಂದು ನಿಂತುಬಿಟ್ಟಿತ್ತು. ಗೋಡೆಯ ಒಳಗೆ ಹುಲ್ಲುಹಾಸು, ಮಕ್ಕಳ ಜೋಕಾಲಿ, ಬಣ್ಣದ ಬೆಂಚು. ಆಚೆ ಬದಿಯ ಗೋಡೆಯ ಬುಡದಿಂದ ಅದೇ ಹಾದಿ, ಅದೇ ನೇರಕ್ಕೆ, ಮತ್ತೆ ಹೊರಟು ತಗ್ಗಿನ ಕೆರೆಗೆ ಇಳಿದಿತ್ತು. ಒಬ್ಬ ಹೆಂಗಸು ಎರಡು ಹಸು ಹೊಡೆದುಕೊಂಡು, ಗೋಡೆಯ ಉದ್ದಕ್ಕೂ ಮುಳ್ಳಿನ ನಡುವೆ ಒಂದೊಂದೇ ಹೆಜ್ಜೆ ಇಡುತ್ತ ಸುತ್ತು ಹಾಕುತ್ತಿದ್ದಳು. ಒಂದು ಹಸು ಮುಂದೆ ಹೋಗಲೊಲ್ಲದೆ ಗೋಡೆಗೆ ಮುಖ ಕೊಟ್ಟು ನಿಂತಿತ್ತು.

ಅಪ್ಪನ ಕಡೆ ತಿರುಗಿದೆ. ಅಪ್ಪನೂ ಅಲ್ಲೇ ನೋಡುತ್ತಿದ್ದ.

"ಆ ಗೋಡೆ ಯಾವಾಗ ಹಾಕಿದ್ದು?" ಎಂದು ನೌಕರನನ್ನು ಕೇಳಿದೆ.

"ಅದಾ? ಮೊನ್ನೆ ಮೊನ್ನೆ. ಮೊದಲೆಲ್ಲ ಹೀಗೇ ತೆರೆದು ಇತ್ತು, ಯಾರು ಬೇಕಾದ್ರೂ ಓಡಾಡ್ತಿದ್ರು. ಈಗ ಜನ ಬರ್ತಾರಲ್ಲ, ಪಾರ್ಕು ಆಯ್ತು. ಗೋಡೆ ಬೇಕಲ್ವಾ."

ಪ್ರಕಾಶ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಂಬ ತನ್ನ ಪಾಡಿಗೆ ತಾನು ನಿಂತು ಯಾರಿಗೂ ಏನೂ ಮಾಡಿರಲಿಲ್ಲ. ಕಂಬ ಬಂದು ಎಷ್ಟೋ ಕಾಲದ ಮೇಲೆ, ಕಂಬ ಕಟ್ಟಿದವರೆಲ್ಲ ಸತ್ತ ಮೇಲೆ, ಬೇರೆ ಯಾರಿಗೋ ಗೋಡೆ ಬೇಕೆನಿಸಿತ್ತು. ನಾನು ಅಕ್ಷರ ಬಿಡದೆ ಓದಿದ ಕರಾರಿನಲ್ಲಿ ತಪ್ಪು ಸಿಗದೆ ಹೋದದ್ದು ಸಹಜವೇ. ಇನ್ನೂ ಯಾರ ತಲೆಗೂ ಬಾರದ ಗೋಡೆಯನ್ನು ಯಾವ ಕಾಗದದಲ್ಲಿ ಹುಡುಕುವುದು. ಮೂರು ದಿನದಿಂದ ರೂಪವಿಲ್ಲದೆ ಕಾಡುತ್ತಿದ್ದ ನನ್ನ ಅನುಮಾನಕ್ಕೆ ಆ ಗುಡ್ಡದ ಮೇಲೆ ಒಂದು ಮುಖ ಸಿಕ್ಕಿತು.

"ಇಳಿಯಾಣ ನಡಿ," ಎಂದ ಅಪ್ಪ. ಅವನ ದನಿಯಲ್ಲಿ ಬೇಡ ಎನ್ನುವುದು ಆಗಲೇ ತೀರ್ಮಾನವಾಗಿತ್ತು.

ಹತ್ತುವಾಗ ಏನೂ ಆಗಿರಲಿಲ್ಲ. ಇಳಿಯುವಾಗ ಆ ಸುತ್ತುಮೆಟ್ಟಿಲಲ್ಲಿ ಅಪ್ಪನಿಗೆ ತಲೆ ತಿರುಗಿತು. ಬೆಳಿಗ್ಗೆ ತಿಂದಿದ್ದು ಒಂದೇ ಒಂದು ಒಣರೊಟ್ಟಿ. ಗೋಡೆ ಹಿಡಿದು ಹೇಗೋ ಇಳಿದು ಬುಡದಲ್ಲಿ ಕುಕ್ಕರಿಸಿದ. ಮುಖವೆಲ್ಲ ಬೆವರು. ನಮ್ಮ ನೀರಿನ ಕ್ಯಾನು ಗಾಡಿಯಲ್ಲಿತ್ತು. "ಇಲ್ಲೇ ಕುಂತಿರಪ್ಪ, ಏಳಬ್ಯಾಡ," ಎಂದು ಓಡಿದೆ. ಡ್ರೈವರು ಗಾಡಿ ಬೀಗ ಹಾಕಿಕೊಂಡು ಎಲ್ಲಿಗೋ ಹೋಗಿದ್ದ. ಅವನನ್ನು ಹುಡುಕಿ, ಬೀಗ ತೆಗೆಸಿ, ನೀರು ತರುವಷ್ಟರಲ್ಲಿ ಆಗಿಹೋಗಿತ್ತು.

ಅಪ್ಪ ಎಳನೀರು ಕುಡಿದು ಮುಗಿಸಿದ್ದ. ಪ್ರಕಾಶ ಪಕ್ಕದಲ್ಲಿ ಮಂಡಿಯೂರಿ ಕೂತು, ಬುರುಡೆ ಹೋಳು ಮಾಡಿಸಿ, ಒಳಗಿನ ಗಂಜಿಯನ್ನು ಚಿಪ್ಪಿನಲ್ಲಿ ತೋಡಿ ಅಪ್ಪನ ಕೈಗೆ ಕೊಡುತ್ತಿದ್ದ.

ಅಪ್ಪ ನನ್ನನ್ನು ನೋಡಿದ. "ಬಾಯಾರಿತ್ತು ಕಣವ್ವ," ಎಂದ.

ವಾಪಸು ಬರುವಾಗ ಗಾಡಿಯಲ್ಲಿ ನಾನು ಅಪ್ಪನ ಕಿವಿಯಲ್ಲಿ ಹೇಳಿದೆ: ನೀರು ಲೆಕ್ಕಕ್ಕೆ ಬರಲ್ಲ, ನೀರನ್ನು ಯಾರ ಕೈಯಲ್ಲಾದರೂ ಕುಡಿಯಬಹುದು.

"ನೀರಷ್ಟೇ ಆಗಿದ್ರೆ ಬರ್ತಿರಲಿಲ್ಲ. ಗಂಜಿ ತಿಂದೆ. ಜೀವ ನಿಂತಿದ್ದೇ ಅದ್ರಾಗೆ," ಎಂದು ಅಪ್ಪ ಕಿಟಕಿಯ ಕಡೆ ತಿರುಗಿಕೊಂಡ.

ಮುಂದಿನ ಸೀಟಿನಿಂದ ಪ್ರಕಾಶ ತಿರುಗಿದ. "ಯಜಮಾನ್ರು ಕೊನೆಗೆ ಒಂದಾದ್ರೂ ನಮ್ ಕೈಯಾಂದು ತಗಂಡ್ರಲ್ಲ. ಸಾಕು ಬಿಡ್ರಿ."

ಅಷ್ಟೇ ಹೇಳಿದ. ಅದನ್ನು ಎಷ್ಟು ಬಗೆಯಲ್ಲಿ ತಿರುಗಿಸಿ ನೋಡಿದರೂ ನನಗೆ ಇವತ್ತಿಗೂ ಅದರ ತಳ ಸಿಕ್ಕಿಲ್ಲ. ಡ್ರೈವರು ಆ ಹೊತ್ತಿನಲ್ಲೇ ಮಾಯವಾದದ್ದೇಕೆ ಎನ್ನುವುದೂ.

"ಮರಡಿಗೆ ಬೇಲಿ ಹಾಕ್ತೀರಾ?" ಎಂದು ನೇರವಾಗಿ ಕೇಳಿದೆ.

"ಚೇ, ಇಲ್ಲ ಮೇಡಮ್ಮು. ನಮ್ ಕಂಪನಿ ಬೇಲಿ ಹಾಕಲ್ಲ."

"ನಾಳೆ ನಿಮ್ ಕಂಪನಿನ ಇನ್ಯಾರೋ ಕೊಂಡ್ರೆ? ಅವ್ರು?"

ಪ್ರಕಾಶ ಮುಂದಕ್ಕೆ ತಿರುಗಿ, "ಹಾಡು ಹಾಕಪ್ಪ ಗುರುವೇ," ಎಂದ ಡ್ರೈವರಿಗೆ.

ಊರಿಗೆ ಬಂದೆವು. ಪ್ರಕಾಶ ವಾರದಲ್ಲಿ ಸಹಿಗೆ ಬರುವವನಿದ್ದ. ಬಂದರೆ ಅಪ್ಪ ಹಾಕುತ್ತಾನೆ. ಹಾಕಿ ಸಾಯುವವರೆಗೂ ಕೊರಗುತ್ತಾನೆ. ನಾನು ಸಿಡುಕಿದೆ. ಒಂದು ಎಳನೀರಿಗೆ ಊರಿನ ಕುರಿಹಾದಿ ಬಿಟ್ಟುಕೊಡುವುದು ಯಾವ ನ್ಯಾಯ, ನಾನೇ ಮುಂದೆ ನಿಂತು ಬೇಡ ಎನ್ನುತ್ತೇನೆ ಎಂದೆ. "ತಿಂದೋನು ನಾನು. ನೀ ಹೇಳಿದ್ರೆ ನಾನು ಹೇಳಿದಂಗಾಗ್ತೈತಾ?" ಎಂದ ಅಪ್ಪ. ಅವನ ಹಟದ ಮುಂದೆ ನನ್ನ ಡಿಗ್ರಿಯ ವಾದ ನಡೆಯಲಿಲ್ಲ.

ಅವ್ವ ಒಲೆಯ ಮುಂದೆ ಕೂತವಳು, "ಇದಕ್ಯಾಕೆ ಇಷ್ಟು ಗುದ್ದಾಡ್ತೀರ. ಕರ್ದು ಉಣಿಸ್ರಿ. ಅಲ್ಲಿಗೆ ಅಲ್ಲಿಗೆ ಸರಿಹೋಯ್ತು," ಎಂದಳು.

ಕರೆದೆವು. ಅಪ್ಪ ಮಂದೆಯಿಂದ ಒಂದು ಒಳ್ಳೇ ಮರಿಯನ್ನೇ ಕಡಿದ. ಮನೆಯೆಲ್ಲ ಮಸಾಲೆಯ ಘಮ. ಪ್ರಕಾಶ ಮೂರರ ಹೊತ್ತಿಗೆ ಬೈಕಿನಲ್ಲಿ ಬಂದ. ಕಂಬಳಿ ಹಾಸಿ ಕೂರಿಸಿದೆವು. ಕರಾರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಲೆಯ ಕಡೆ ನೋಡಿದ.

"ಏನಿವತ್ತು ವಿಶೇಷ?"

"ಊಟ. ಕೈ ತೊಳ್ಕಳ್ರಿ," ಎಂದೆ.

"ಅಯ್ಯೋ, ಇವತ್ತು ಶನಿವಾರ ಅಲ್ವಾ. ನಾನು ಮಾಂಸ ಮುಟ್ಟಲ್ಲ."

ಅಪ್ಪ, ಅವ್ವ, ನಾನು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ವಾರ ಯಾವುದೆಂದು ಯಾರಿಗೂ ಹೊಳೆದಿರಲಿಲ್ಲ. ಮರಿ ಹೋಗಿತ್ತು. ಅವ್ವ ಸುಧಾರಿಸಿಕೊಂಡು, "ಹುರುಳಿ ಬಸ್ಸಾರು ಐತೆ ಕಣಪ್ಪ, ಬೆಳಗ್ಗೆ ಮಾಡಿದ್ದು. ಬಿಸಿ ಮುದ್ದೆ ಕಟ್ತೀನಿ," ಎಂದಳು.

"ಬ್ಯಾಡ ಅವ್ವಾರೆ, ಹೊಸದುರ್ಗದಾಗೇ ಊಟ ಆತು. ಹೊಟ್ಟೆ ತುಂಬೈತೆ."

"ಮಜ್ಜಿಗೆನಾದ್ರೂ ಕುಡಿ."

"ಸ್ವಲ್ಪ ಶೀತ ಆಗೈತೆ."

ಹಲ್ಲುನೋವು, ಸೋಮವಾರ, ಪಿತ್ತ. ಮೂರು ದಿನ ನಾನು ಹೇಳಿದ್ದನ್ನೆಲ್ಲ ಅವನು ಈಗ ನನಗೇ ತಿರುಗಿ ಹೇಳುತ್ತಿದ್ದ. ಇವನಿಗೆ ಮೊದಲಿನಿಂದಲೂ ಗೊತ್ತಿತ್ತು. ಅಥವಾ ನನ್ನನ್ನು ನೋಡಿ ನೋಡಿ ದಾರಿಯಲ್ಲಿ ತಿಳಿದುಕೊಂಡಿದ್ದ. ಅಪ್ಪ ಕಂಬದ ಬುಡದಲ್ಲಿ ಕುಕ್ಕರಿಸಿದ ಹಾಗೇ ಈಗ ಗೋಡೆಗೆ ಒರಗಿ ಕೂತ.

ಪ್ರಕಾಶ ನನ್ನ ಕಡೆ ತಿರುಗಿದ. "ತಪ್ಪು ತಿಳ್ಕಬ್ಯಾಡ್ರಿ ಮೇಡಮ್ಮು. ಮೂರು ದಿನ ನಮ್ದು ಒಂದು ಲೋಟ ಟೀ ಮುಟ್ಟದೋರು ಇವತ್ತು ಮರಿ ಕಡ್ದೀರಿ ಅಂದ್ರೆ ನನಗೂ ಅನುಮಾನ ಬರ್ತೈತೆ."

ಅಂಥ ಹೊತ್ತಿನಲ್ಲಿ ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಬಾಗಿಲ ಹತ್ತಿರ ನಿಂತವಳು ಹೇಳಿಬಿಟ್ಟೆ. "ನಿಮ್ಮ ಅನುಮಾನ ಸರಿ. ನೀವು ಉಂಡ್ರೆ ಅಪ್ಪ ನಿಮಗೆ ಇಲ್ಲ ಅನ್ನಬಹುದು. ಅದಕ್ಕೇ ಕರ್ದಿದ್ದು."

"ಲೇ ರೇಣುಕ," ಎಂದಳು ಅವ್ವ.

"ಇರ್ಲಿ ಅವ್ವ. ಅವ್ರಿಗೂ ಗೊತ್ತೈತೆ, ನಮಗೂ ಗೊತ್ತೈತೆ."

"ಉಣ್ಣದಿದ್ರೆ?" ಎಂದ ಪ್ರಕಾಶ.

"ಉಣ್ಣದಿದ್ರೆ ಈಗಲೇ ಸಹಿ ಹಾಕ್ತಾನೆ. ಕೇಳಿ ನೋಡ್ರಿ."

ಅಪ್ಪ ತಲೆಯೆತ್ತದೆ ಹೂಂ ಎಂದ. ಪ್ರಕಾಶ ತೊಡೆಯ ಮೇಲಿನ ಚೀಲದ ಜಿಪ್ಪನ್ನು ಅರ್ಧ ಎಳೆದ, ನಿಲ್ಲಿಸಿದ. ಹೊರಗೆ ತಿಮ್ಮಜ್ಜನ ಕುರಿಗಳು ಮರಡಿ ಇಳಿದು ಬರುತ್ತಿದ್ದವು, ಗಂಟೆಯ ಸದ್ದು ಒಳಗೆ ಕೇಳುತ್ತಿತ್ತು. ಅವನು ಬಾಗಿಲಾಚೆ ನೋಡಿದ. ಏನು ಲೆಕ್ಕ ಹಾಕುತ್ತಿದ್ದನೋ ನನಗೆ ಕಾಣಲಿಲ್ಲ. ಜಿಪ್ಪು ಹಾಗೇ ಇತ್ತು, ಪೂರ್ತಿ ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ.

"ನೀರು ಕೊಡ್ರಿ, ಕೈ ತೊಳ್ಕಂತೀನಿ," ಎಂದ.

ಅವ್ವ ಮುದ್ದೆ ಕಟ್ಟಿದಳು. ಅವನು ಬಸ್ಸಾರಿನಲ್ಲಿ ಅದ್ದಿ ಅದ್ದಿ ನುಂಗಿದ. ಹೊಟ್ಟೆ ತುಂಬಿದವನು ಉಣ್ಣುವ ರೀತಿ ಅದಾಗಿರಲಿಲ್ಲ. ಅರ್ಧ ಮುದ್ದೆ ಮುಗಿಯುವ ತನಕ ಅಪ್ಪ ಕಾದ. ಆಮೇಲೆ ಹೇಳಿದ. ಗಟ್ಟಿಯಾಗಿ ಹೇಳಲಿಲ್ಲ.

"ಮರಡಿ ಕೊಡಾಕಾಗಲ್ಲ ಕಣಪ್ಪ ಪ್ರಕಾಶ. ನಿನ್ ಮ್ಯಾಲೆ ಸಿಟ್ಟಿಲ್ಲ. ಕುರಿ ಹಾದಿ ಐತೆ ಅಲ್ಲಿ."

"ಗೊತ್ತಾತು ಬಿಡ್ರಿ ಯಜಮಾನ್ರೆ," ಎಂದ ಪ್ರಕಾಶ, ಬಾಯಲ್ಲಿ ತುತ್ತಿರುವಾಗಲೇ.

ಮುಂದಿನ ವರ್ಷ ಕಂಪನಿಯವರು ತಿಮ್ಮಜ್ಜನ ಹೊಲದ ಮೇಲಿನ ಗುಡ್ಡಕ್ಕೆ ಹೋದರು. ಅಲ್ಲಿ ಫ್ಯಾನು ನಿಂತಿತು. ತಿಮ್ಮಜ್ಜನ ಮಾತು ಅಷ್ಟರಲ್ಲೇ ಕುದುರಿತ್ತು, ನಮ್ಮ ಮರಡಿಯ ಮೇಲೆ ಅವರಿಗೆ ಅಂಥ ಆಸೆಯೇ ಉಳಿದಿರಲಿಲ್ಲ, ಅದಕ್ಕೇ ಪ್ರಕಾಶ ಧಾರಾಳವಾಗಿ ಉಂಡ ಎಂದು ಊರಲ್ಲಿ ಕೆಲವರು ಹೇಳುತ್ತಾರೆ. ಇಲ್ಲ, ಈ ಜಾಗ ಕೈತಪ್ಪಿದ್ದಕ್ಕೆ ಅವನ ಕೆಲಸವೇ ಹೋಗುವುದರಲ್ಲಿತ್ತು ಎಂದು ಇನ್ನು ಕೆಲವರು. ಅಪ್ಪನನ್ನು ಕೇಳಿದರೆ, "ಹಸಿದಿದ್ದ, ಉಂಡ. ನಿನಗೆ ಎಲ್ಲದ್ರಾಗೂ ಒಂದು ಹುಳ ಬೇಕು," ಎನ್ನುತ್ತಾನೆ.

ಇರಬಹುದು. ಆದರೆ ಅವತ್ತು ಮುದ್ದೆ ಮುಗಿಸಿ ಅವನು ತಟ್ಟೆ ಮುಂದಕ್ಕೆ ಸರಿಸಿ, "ಶೀತ ಹೋತು, ಈಗ ಒಂದೀಟು ಮಜ್ಜಿಗೆ ಬಿಡ್ರಿ ಮೇಡಮ್ಮು," ಎಂದಾಗ ನಾನು ಚೊಂಬು ಬಗ್ಗಿಸಿದೆ. ಬಗ್ಗಿಸುತ್ತಲೇ ಅವನ ಮುಖವನ್ನು ನೋಡಿದೆ. ಅವನೂ ತಟ್ಟೆ ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ಮಜ್ಜಿಗೆ ತಟ್ಟೆ ತುಂಬಿ ಕಂಬಳಿಯ ಮೇಲೆ ಚೆಲ್ಲಿತು.